ಚಾಪೆಯ ಕೆಳಗೆ ಹನ್ನೆರಡು ನಿಮಿಷ

ಚಾಪೆಯ ಕೆಳಗೆ ಪೂರ್ತಿ ಕತ್ತಲೆ ಇರುವುದಿಲ್ಲ ಎಂಬುದು ಅಸೋಮುವಾನಿಗೆ ತಾಲೀಮಿನ ಮೊದಲ ದಿನವೇ ತಿಳಿದಿತ್ತು. ಹೆಣಿಗೆಯ ಸಂದುಗಳಿಂದ ಜೇನಿನ ಬಣ್ಣದ ಬೆಳಕು ಸೋಸಿ ಬಂದು ಮೊಣಕಾಲ ಮೇಲೆ, ಅಂಗೈಯ ಹಿಂಬದಿಯ ಮೇಲೆ ಚುಕ್ಕೆಚುಕ್ಕೆಯಾಗಿ ಬೀಳುತ್ತಿತ್ತು. ತಲೆ ಬಗ್ಗಿಸಿ ಕಾಲು ಮಡಚಿ ಕೂತವನಿಗೆ ಕಾಣುವುದು ಇಷ್ಟೇ: ತನ್ನವೇ ಎರಡು ಮೊಣಕಾಲು, ನಡುವೆ ರಂಗದ ಕಪ್ಪು ಹಲಗೆ, ಹಲಗೆಯ ಮೇಲೆ ಅವನ ಜಾಗ ಇದೇ ಎಂದು ಯಾರೋ ಅಂಟಿಸಿದ ಹಳದಿ ಪಟ್ಟಿ. ನಾಟಕದಲ್ಲಿ ಅವನ ತಂಗಿಯ ಮಗ ಕುಡಿದು ಗಾಡಿ ಓಡಿಸಿ ಬೇರೆ ಮನೆಯ ಹುಡುಗನನ್ನು ಕೊಂದಿದ್ದಾನೆ. ಕುಲದ ಹಿರಿಯನಾದ ಸೋದರಮಾವ, ಅಂದರೆ ಅಸೋಮುವಾನ ಪಾತ್ರ, ದ್ವೀಪದ ಪದ್ಧತಿಯಂತೆ ಆ ಮನೆಯ ಮುಂದೆ ನೆಲದ ಮೇಲೆ ಕೂತು, ಮನೆತನದ ನೇಯ್ದ ಚಾಪೆಯನ್ನು ತಲೆಯ ಮೇಲಿಂದ ಹೊದ್ದುಕೊಂಡಿದ್ದಾನೆ. ಆ ಮನೆಯವರು ಬಂದು ಚಾಪೆ ಎತ್ತಿದರೆ ಕ್ಷಮೆ. ಎತ್ತದಿದ್ದರೆ ಕತ್ತಿ ತರಬಹುದು, ಕಲ್ಲು ತರಬಹುದು, ಏನನ್ನೂ ತರದೆ ಬಾಗಿಲು ಹಾಕಿಕೊಂಡು ಹಾಗೇ ಬಿಡಲೂಬಹುದು. ಹನ್ನೆರಡು ನಿಮಿಷ ಅವನಿಗೆ ಮಾತಿಲ್ಲ, ಮುಖವೂ ಇಲ್ಲ. ಮೂವತ್ತು ವರ್ಷದ ವೃತ್ತಿಯಲ್ಲಿ ರಂಗದ ಮೇಲೆ ಅವನಿಗೆ ಸಿಕ್ಕಿದ ಅತಿ ದೊಡ್ಡ ಪಾತ್ರ ಇದೇ ಆಗಿತ್ತು.

“ಅಂಕಲ್,” ನಿರ್ದೇಶಕಿ ಲೆಪೆಕಾಳ ಬೂಟುಗಳು ಚಾಪೆಯ ಅಂಚಿನ ಹತ್ತಿರ ಬಂದು ನಿಂತವು. ಅವಳು ಆಕ್ಲೆಂಡಿನಲ್ಲಿ ಹುಟ್ಟಿದವಳು, ಅವನಿಗಿಂತ ಇಪ್ಪತ್ತು ವರ್ಷ ಚಿಕ್ಕವಳು. “ಚೆನ್ನಾಗಿದೆ ಅಂಕಲ್. ಆದ್ರೆ ಹಿಂದಿನ ಸಾಲಲ್ಲಿ ಕೂತೋರಿಗೆ ನೀವೊಂದು ಮಣ್ಣಿನ ಗುಡ್ಡೆ ಥರ ಕಾಣ್ತೀರ. ಒಳಗೊಬ್ಬ ಮನುಷ್ಯ ಇದಾನೆ ಅಂತ ಗೊತ್ತಾಗ್ಬೇಕು.”

“ಉಸಿರಾಡ್ತಾ ಇದೀನಲ್ಲಮ್ಮ.”

“ಉಸಿರು ಎಲ್ಲರೂ ಆಡ್ತಾರೆ. ನನಗೆ ಭುಜ ಕೊಡಿ. ಆ ತಾಯಿ ‘ನನ್ನ ಮಗನ ಚಪ್ಪಲಿ ಇನ್ನೂ ಬಾಗಿಲಲ್ಲೇ ಇದೆ’ ಅಂತಾಳಲ್ಲ, ಅದಾದ ಮೇಲೆ ನಾಕು ಎಣಿಸಿ. ಬಲಗಡೆ ಭುಜ. ಒಂದೇ ಸಲ. ಅಳು ಬೇಡ, ಅಳು ಬರದೇ ಇರೋ ಥರ.”

ಅವನು ಎಣಿಸಿದ. ಕೊಟ್ಟ. ಎಲ್ಲೋ ಕತ್ತಲಲ್ಲಿ ರಂಗದ ಉಸ್ತುವಾರಿ ನೋಡಿಕೊಳ್ಳುವ ಹುಡುಗಿ ಮೂಗು ಏರಿಸಿಕೊಂಡ ಸದ್ದು ಕೇಳಿತು. “ಅದೇ! ಅದನ್ನೇ ಗಟ್ಟಿ ಮಾಡ್ಕೊಳಿ ಅಂಕಲ್, ಬಿಡಬೇಡಿ!” ಎಂದಳು ಲೆಪೆಕಾ. ಅಷ್ಟು ಸುಲಭಕ್ಕೆ ಆಗಿಹೋಯಿತಲ್ಲ ಎಂದು ಅವನಿಗೆ ಹೇಸಿಗೆಯಾಯಿತು. ಹೇಸಿಗೆಯ ಅಡಿಯಲ್ಲೇ ಸಣ್ಣದೊಂದು ಸುಖವೂ ಇತ್ತು, ಅದು ಅವನಿಗೆ ಹಳೆಯ ಪರಿಚಯ.

ಉಸಿರು. ಉಸಿರಿನ ವಿಚಾರ ಅವನಿಗೆ ಮೊದಲು ಹೇಳಿಕೊಟ್ಟವನು ಸೌಲೋಮಾವ, ತಾಯಿಯ ಅಣ್ಣ. ಚರ್ಚಿನಲ್ಲಿ ಮಕ್ಕಳು ಬಾಯಿಪಾಠ ಒಪ್ಪಿಸುವ ಮಕ್ಕಳ ಭಾನುವಾರಕ್ಕೆಂದು ಆರು ವರ್ಷದವನನ್ನು ಅಡುಗೆಮನೆಯ ಬಾಗಿಲಿಗೆ ಬೆನ್ನು ತಾಗಿಸಿ ನಿಲ್ಲಿಸಿ ಕೀರ್ತನೆಯ ಹದಿನೆಂಟು ಸಾಲು ಬಾಯಿಪಾಠ ಮಾಡಿಸುತ್ತಿದ್ದ. ಸಾಲಿನ ನಡುವೆ ಉಸಿರು ತೆಗೆದುಕೊಂಡರೆ ಬೆರಳಿನ ಗೆಣ್ಣಿನಿಂದ ಮೇಜು ಕುಟ್ಟುತ್ತಿದ್ದ. “ದೇವರ ಮಾತಿನ ಹೊಟ್ಟೇಲಿ ನಿನ್ನ ಗಾಳಿ ಯಾಕೋ ತುಂಬ್ತೀಯ? ಸಾಲು ಮುಗೀಲಿ, ಆಮೇಲೆ ಬದುಕು.” ಆ ಭಾನುವಾರ ಬಿಳಿ ಅಂಗಿ, ಬಿಳಿ ಲುಂಗಿ, ತಲೆಗೆ ತೆಂಗಿನೆಣ್ಣೆ, ಹದಿನೆಂಟು ಸಾಲು ಒಂದು ಹಗ್ಗದ ಹಾಗೆ ಅವನ ಬಾಯಿಂದ ಹೊರಬಂದಿತ್ತು, ಅದನ್ನು ಯಾರೋ ಆ ತುದಿಯಿಂದ ಎಳೆಯುತ್ತಿದ್ದಾರೆ ಎನ್ನಿಸಿತ್ತು. ಚರ್ಚಿನ ಎರಡನೆಯ ಸಾಲಿನಲ್ಲಿ ತಾಯಿ ಅಳುತ್ತಿದ್ದಳು. ಎಳೆಯುತ್ತಿದ್ದವನು ದೇವರೋ, ಅಳುತ್ತಿದ್ದ ತಾಯಿಯೋ ಎಂದು ಆಗ ಗೊತ್ತಾಗಿರಲಿಲ್ಲ, ಆಮೇಲೆ ಕೇಳಿಕೊಳ್ಳುವ ಧೈರ್ಯ ಬರಲಿಲ್ಲ. ದೊಡ್ಡವನಾದ ಮೇಲೆ ನಾಟಕ ಶಾಲೆಯಲ್ಲಿ ನೆಲದ ಮೇಲೆ ಅಂಗಾತ ಮಲಗಿಸಿ, ಹೊಟ್ಟೆಯ ಮೇಲೆ ಅಂಗೈ ಇಟ್ಟು, ದನಿಯ ಮೇಷ್ಟ್ರು ಮೆಲ್ಲಗೆ ಹೇಳುತ್ತಿದ್ದರು: ನೀನು ಮಾತಾಡುತ್ತಿಲ್ಲ, ಒಪ್ಪಿಸುತ್ತಿದ್ದೀಯ, ಆ ರಾಗ ಬಿಡು, ನಡುವೆ ಉಸಿರಾಡು, ಹೊಸದಾಗಿ ಯೋಚಿಸಿದವನ ಹಾಗೆ ಹೇಳು. ರಾಗ ಬಿಡಿಸಲು ಮೂರು ವರ್ಷ ಹಿಡಿಯಿತು. ಆ ತರಗತಿಯಲ್ಲಿ ದ್ವೀಪದವನು ಅವನೊಬ್ಬನೇ. ಒಂದು ದಿನ ಬಣ್ಣವಿಲ್ಲದ ಮುಖವಾಡ ಕೊಟ್ಟು, ಇದಕ್ಕೆ ಊರಿಲ್ಲ, ನೆನಪಿಲ್ಲ, ಇದು ಈಗ ತಾನೇ ಎದ್ದಿದೆ, ಕೋಣೆಯ ಆ ಕಡೆಗೆ ನಡೆದು ಹೋಗಲಿ ಎಂದರು. ಎಲ್ಲರೂ ಗೋಡೆಗುಂಟ ನೆಲದ ಮೇಲೆ ಕೂತಿದ್ದರು. ಕೂತವರ ಮುಂದೆ ಹಾದುಹೋಗುವಾಗ ಮನೆಯಲ್ಲಿ ಕಲಿತ ಮರ್ಯಾದೆಯಂತೆ ಅವನ ಸೊಂಟ ತಾನಾಗಿ ಬಗ್ಗಿತು, ಕೈ ನೆಲದ ಕಡೆ ಇಳಿಯಿತು, ಮುಖವಾಡದ ಒಳಗಿಂದ ‘ಅಪ್ಪಣೆ, ಅಪ್ಪಣೆ’ ಎಂಬ ಗೊಣಗು ಬಂತು. ಬೇಸಾಯದವರ ಮಗನೂ ವಕೀಲರ ಮಗಳೂ ಹೊಟ್ಟೆ ಹಿಡಿದು ನಕ್ಕರು. ಮೇಷ್ಟ್ರು ನಗಲಿಲ್ಲ. “ನೀನು ಎದ್ದರೆ ಯಾರದೋ ಸೇವೆಗೆ ಎದ್ದ ಹಾಗೆ ಕಾಣುತ್ತೆ,” ಎಂದರು, ಕರುಣೆಯಿಂದ. ಬೆನ್ನು ನೆಟ್ಟಗಾಯಿತು. ನೆಟ್ಟಗಾದ ಬೆನ್ನಿಗೆ ಸಿಕ್ಕಿದ್ದು ಬಾಗಿಲಲ್ಲಿ ನಿಲ್ಲುವ ಪಾತ್ರಗಳು: ಮದ್ಯದಂಗಡಿಯ ಕಾವಲುಗಾರ, ಜೈಲಿನ ಕಾವಲುಗಾರ, ಹೆಂಡತಿಗೆ ಹೊಡೆಯುವವನು, ಎರಡು ಸಲ ಹೆಣ.

“ಹತ್ತು ನಿಮಿಷ ಬಿಡುವು!” ಎಂದು ಉಸ್ತುವಾರಿಯ ಹುಡುಗಿ ಕೂಗಿದಳು. ಬೂಟುಗಳು ಚದುರಿದವು. ಚಾಪೆ ಎತ್ತಬೇಕಾದವನು ಊಯಿಲಿ, ಸತ್ತ ಹುಡುಗನ ಅಣ್ಣನ ಪಾತ್ರದವನು, ಅವನು ಎತ್ತಲಿಲ್ಲ. ಅಸೋಮುವಾ ತಾನೇ ತೆಗೆದು ಎದ್ದುಬಿಡಬಹುದಿತ್ತು. ಯಾರಾದರೂ ನೆನಪು ಮಾಡಿಕೊಂಡು ಬರುತ್ತಾರೆ ಎಂದು ಒಂದು ಕ್ಷಣ ಕಾದ, ಆ ಒಂದು ಕ್ಷಣ ದಾಟಿದ ಮೇಲೆ ಏಳುವುದು ನಾಚಿಕೆಯ ವಿಷಯವಾಗಿಬಿಟ್ಟಿತು. ಕಾಫಿಯ ವಾಸನೆ ಬಂತು. ಪಕ್ಕದಲ್ಲೇ ಯಾರೋ ಕುರ್ಚಿ ಎಳೆದುಕೊಂಡರು.

“ಭುಜ ಸಖತ್ತಾಗಿತ್ತು ಅಲ್ವಾ?” ಎಂದಳು ಉಸ್ತುವಾರಿಯ ಹುಡುಗಿ. “ನಂಗೆ ಕಣ್ಣಲ್ಲಿ ನೀರು ಬಂದ್ಬಿಡ್ತು.”

“ಮುಖ ಮುಚ್ಚಿದ್ರೆ ಅವರಷ್ಟು ಒಳ್ಳೇ ನಟ ಇಲ್ಲ,” ಎಂದ ಊಯಿಲಿ. “ನಾನು ಚಾಪೆ ಎತ್ತೋದೇ ತಪ್ಪು ನೋಡು. ಎತ್ತಿದ ತಕ್ಷಣ ಟೀವಿ ಮಾವ ಶುರುವಾಗ್ಬಿಡ್ತಾರೆ, ಹುಬ್ಬು ಗಿಬ್ಬು ಎಲ್ಲಾ.”

“ಏ, ಪಾಪ ಕಣೋ. ನಮ್ಮಜ್ಜಿ ಆ ಭಾಷಣ ಇನ್ನೂ ಫೋನಲ್ಲಿ ಇಟ್ಕೊಂಡಿದಾರೆ.”

“ನಮ್ಮಜ್ಜಿನೂ ಇಟ್ಕೊಂಡಿದ್ರು. ಆಮೇಲೆ ಅಳಿಸಿ ಹಾಕಿದ್ರು,” ಎಂದ ಊಯಿಲಿ.

ಯಾಕೆ ಅಳಿಸಿದರು ಎಂದು ಹುಡುಗಿ ಕೇಳಲಿಲ್ಲ. ಚಾಪೆಯ ಕೆಳಗಿದ್ದ ಅಸೋಮುವಾನಿಗೆ ಗೊತ್ತಿತ್ತು.

ಒಂಬತ್ತು ವರ್ಷದ ಹಿಂದೆ ಟೀವಿಯ ಒಂದು ಧಾರಾವಾಹಿಯಲ್ಲಿ ಅವನಿಗೆ ಕುಲದ ಮಾತುಗಾರನ ಪಾತ್ರ ಬಂದಿತ್ತು. ಕೈಯಲ್ಲಿ ಕೋಲು, ಹೆಗಲ ಮೇಲೆ ನಾರಿನ ಚಾಮರ, ಶವದ ಮುಂದೆ ನಿಂತು ಐದು ನಿಮಿಷ ಮಾತಾಡಬೇಕು. ಆ ಮಾತು ಅವನಿಗೆ ಎಲ್ಲಿಂದ ಬರಬೇಕು? ಸೌಲೋಮಾವ ಬರೆದುಕೊಟ್ಟ, ರಾಗ ತಿದ್ದಿದ, ಆರು ಶನಿವಾರ ಎದುರು ಕೂತು ಮೇಜು ಕುಟ್ಟಿದ. ಒಂದೇ ಷರತ್ತು. ಊರೂರಿಗೂ ಅದರದೇ ಬಿರುದಾವಳಿ ಉಂಟು, ಮನೆತನಗಳ ಹೆಸರು ಬರುವ ಕ್ರಮ ಉಂಟು, ಒಂದು ಹೆಸರು ಬಿಟ್ಟರೂ ಆ ಮನೆಗೆ ಅವಮಾನ. ನಿಜವಾದ ಊರಿನದು ಬೇಡ. “ಯಾವ ಊರಿಗೂ ಸೇರದ ಒಂದು ಬಿರುದಾವಳಿ ಕಟ್ಟಿದೀನಿ ನೋಡು, ನಾಟಕದ ಊರಿಗೆ ನಾಟಕದ ಬಿರುದು,” ಎಂದು ಮಾವ ಖುಷಿಯಿಂದ ತೊಡೆ ತಟ್ಟಿಕೊಂಡಿದ್ದ. ಎಂಟು ಸಲ ಚಿತ್ರೀಕರಣವಾಯಿತು. ಎಂಟನೆಯದಾದ ಮೇಲೆ ನಿರ್ದೇಶಕ ಹತ್ತಿರ ಬಂದು, ಎಲ್ಲಾ ಸರಿಯಿದೆ, ಆದರೆ ನಿನಗೆ ಇದರಿಂದ ಏನೂ ನಷ್ಟವಾಗುತ್ತಿಲ್ಲ, ನಷ್ಟವಾಗುವಂಥದ್ದು ಕೊಡು ಎಂದ. ಒಂಬತ್ತನೆಯ ಸಲ ಬಾಯಿ ತೆರೆದಾಗ ತಾಯಿಯ ಊರಿನ ನಿಜವಾದ ಬಿರುದಾವಳಿ ಹೊರಬಂತು, ಹೆಣವಾಗಿ ಮಲಗಿದ್ದ ನಟನ ಮುಂದೆ. ಒಂದು ಮನೆ, ಎರಡು, ಮೂರು, ನಾಲ್ಕು. ಹಗ್ಗ ಎಳೆಯುತ್ತಿತ್ತು, ನಡುವೆ ಉಸಿರೇ ಬೇಕಾಗಲಿಲ್ಲ. ಐದನೆಯ ಮನೆಯ ಹೆಸರಿಗೆ ಬರುವಾಗ ಮೇಲೆ ವಿಮಾನ ಹೋಯಿತು, ಯಾರೋ ನಿಲ್ಲಿಸಿ ಎಂದರು. ನಾಲ್ಕು ಮನೆಗಳವರೆಗಿನ ಆ ತುಣುಕನ್ನೇ ಇಟ್ಟುಕೊಂಡರು. ಮಾವನಿಗೆ ಆಗಲೇ ಹೇಳಬಹುದಿತ್ತು. ಪ್ರಸಾರವಾಗಲು ಏಳು ತಿಂಗಳಿತ್ತು. ಒಂದು ಫೋನು ಸಾಕಿತ್ತು. ಅದು ಅವನ ಜೀವಮಾನದ ಅತ್ಯುತ್ತಮ ಅಭಿನಯವಾಗಿತ್ತು, ಆದ್ದರಿಂದ ಅವನು ಫೋನು ಮಾಡಲಿಲ್ಲ. ಬಹುಮಾನ ಬಂತು. ಅವನಿರುವ ಪೊರಿರುವಾದ ಶನಿವಾರದ ಸಂತೆಯಲ್ಲಿ ಮುದುಕಿಯರು ಅವನ ಕೆನ್ನೆ ಹಿಡಿದರು. ಅದೇ ವಾರ ಸೌಲೋಮಾವ ಚರ್ಚಿನ ಕೆಲಸಕ್ಕೆಂದು ಹೇಳಿ ತಾಯಿಯ ಊರಿರುವ ಸವಾಯಿ ದ್ವೀಪಕ್ಕೆ ವಿಮಾನ ಹತ್ತಿದ. ಊರಿಗೆ ಹೋಗಿ, ಹೆಸರು ಬಿಟ್ಟುಹೋದ ಐದನೆಯ ಮನೆಯ ಮುಂದೆ ಬೆಳಗಿನ ಜಾವದಿಂದ ಚಾಪೆ ಹೊದ್ದು ಕೂತಿದ್ದ ಎಂದು ಮಾವನ ಮಗಳು ತೆಲೇಸಿಯಾ ಹೇಳಿದ್ದು ವರ್ಷದ ಮೇಲೆ, ಪಾತ್ರೆ ತೊಳೆಯುತ್ತಾ, ಬೆನ್ನು ತಿರುಗಿಸಿಕೊಂಡೇ. ಆಮೇಲೆ ಇಷ್ಟೂ ವರ್ಷದ ಭಾನುವಾರಗಳು. ಒಂದೇ ಮೇಜು. ಮಾವ ಕೆಸುವಿನ ಗೆಡ್ಡೆಯ ತಟ್ಟೆ ಇತ್ತ ದಾಟಿಸುತ್ತಿದ್ದ, ಅವನು ತೆಂಗಿನ ಹಾಲಿನ ಬಟ್ಟಲು ಅತ್ತ ದಾಟಿಸುತ್ತಿದ್ದ. ಮಾವ ಆ ಮಾತು ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಮಾವ ಬೈದಿದ್ದರೆ! ಒಂದು ಸಲ ಮೇಜು ಕುಟ್ಟಿದ್ದರೂ ಸಾಕಿತ್ತು.

ಬಿಡುವು ಮುಗಿದು ಮತ್ತೆ ಮೊದಲಿಂದ ಮಾಡಿದರು. ತಾಯಿಯ ಪಾತ್ರದವಳು ಚಪ್ಪಲಿಯ ಮಾತು ಹೇಳಿದಳು. ಅವನು ಸೌಲೋಮಾವನ ಬೆನ್ನಿನ ಬಗ್ಗೆ ಯೋಚಿಸುತ್ತಿದ್ದ, ಎಪ್ಪತ್ತು ದಾಟಿದ ಬೆನ್ನು, ಸುಣ್ಣಕಲ್ಲಿನ ಅಂಗಳ, ಬೆಳಗಾಗುವ ಮುಂಚಿನ ಕೋಳಿಗಳು. ನಿಜವಾಗಿಯೂ ಎದೆಯಲ್ಲಿ ಏನೋ ಮೇಲೆದ್ದಿತು. ಆದರೆ ಎಣಿಕೆ ಇನ್ನೂ ಎರಡಕ್ಕೆ ಬಂದಿತ್ತು. ಎದ್ದದ್ದನ್ನು ಅವನು ನಾಲ್ಕರವರೆಗೆ ತಡೆದು ಹಿಡಿದ, ಆಮೇಲೆ ಬಲಭುಜಕ್ಕೆ ಬಿಟ್ಟ. ಅದ್ಭುತ ಎಂದಳು ಲೆಪೆಕಾ.

ಮಾವನ ಮುಂದೆ ಹೋಗಿ ಕೂರಬೇಕೆಂದು ಆಗಲೇ ನಿರ್ಧರಿಸಿದ್ದೇನೋ, ಅಥವಾ ರೈಲಿನಲ್ಲಿ ಬರುವಾಗಲೋ. ಕಿಟಕಿಯಾಚೆ ಕೊಲ್ಲಿಯ ನೀರು ಗಾಳಿಗೆ ಮೈ ಮುಳ್ಳೆದ್ದ ಹಾಗೆ ಕಾಣುತ್ತಿತ್ತು. ಒಬ್ಬನೇ ಇರುವ ಬಾಡಿಗೆ ಮನೆಗೆ ಹೋಗಿ ದೀಪ ಹಾಕದೆ ಹಾಸಿಗೆ ಎತ್ತಿದ. ತಾಯಿ ಬಿಟ್ಟುಹೋದ ಚಾಪೆಗಳಲ್ಲಿ ಉಳಿದಿದ್ದ ಒಂದೇ ಒಂದು ಹಾಸಿಗೆಯಡಿ ಸುಕ್ಕಿಲ್ಲದೆ ಮಲಗಿತ್ತು, ರೇಷ್ಮೆಯಷ್ಟು ನಯ, ಅಂಚಿನಲ್ಲಿ ಕೆಂಪು ಗರಿ. ಇಷ್ಟು ವರ್ಷ ಅದರ ಮೇಲೆ ತಾನು ನಿದ್ದೆ ಮಾಡಿದ್ದೆನಲ್ಲ ಎನ್ನಿಸಿತು. ಹೊದಿಕೆಯಲ್ಲಿ ಸುತ್ತಿ ಕಂಕುಳಲ್ಲಿಟ್ಟು ನಡೆದ. ದಾರಿಯುದ್ದಕ್ಕೂ ಒಂದೇ ಹೆದರಿಕೆ: ನಾಲ್ಕು ವಾರ ಈ ಕೂರುವಿಕೆಯನ್ನು ತಾಲೀಮು ಮಾಡಿದ್ದೇನೆ. ಮೊಣಕಾಲು ಎಲ್ಲಿ ಊರಬೇಕು, ತಲೆ ಎಷ್ಟು ಬಗ್ಗಬೇಕು ಎಲ್ಲಾ ಮೈಗೆ ಗೊತ್ತು. ಗೊತ್ತಿಲ್ಲದವನು ಹೇಗೆ ಕೂರುತ್ತಾನೆ?

ಮಾವನ ಮನೆಯ ಮುಂದೆ, ಅಂಚೆ ಡಬ್ಬಿಯ ಪಕ್ಕದ ಹುಲ್ಲಿನ ಮೇಲೆ ಕೂತ. ಹೊದ್ದುಕೊಂಡ. ಈ ಚಾಪೆಯೊಳಗಿನ ಬೆಳಕು ಬೇರೆ, ಹೆಣಿಗೆ ಎಷ್ಟು ಸಣ್ಣದೆಂದರೆ ಸಂದೇ ಇರಲಿಲ್ಲ. ಬಾಗಿಲು ತೆರೆದ ಸದ್ದು.

“ಯಾರದು? ... ಅಣ್ಣಾ? ಅಯ್ಯೋ ದೇವರೇ, ಅಣ್ಣಾ, ಏನಿದು ಬೀದೀಲಿ! ಏಳು, ಎದುರುಮನೆಯೋರು ನೋಡ್ತಿದಾರೆ!” ತೆಲೇಸಿಯಾಳ ದನಿ ಒಡೆಯಿತು. “ಅಪ್ಪಾ! ಅಪ್ಪಾ, ಬಂದು ನೋಡು!”

ಮಾವ ಬರಲಿಲ್ಲ. ಸಂಜೆಯ ಪ್ರಾರ್ಥನೆಯ ಹೊತ್ತು. ಒಳಗೆ ಹಾಡು ಶುರುವಾಯಿತು. ಹಾಡು ಶುರುವಾದ ಮೇಲೆ ಆ ಮನೆಯಲ್ಲಿ ಯಾರೂ ಏಳುವುದಿಲ್ಲ, ಒಲೆಯ ಮೇಲೆ ಹಾಲು ಉಕ್ಕಿದರೂ ಇಲ್ಲ. ಹಾಡಾದ ಮೇಲೆ ಮಾವನ ದನಿ, ಏರಿಳಿತವಿಲ್ಲದ ಆ ಹಳೆಯ ಹಗ್ಗ. ಊರಿಗಾಗಿ, ಪಾದ್ರಿಗಾಗಿ, ತೆಲೇಸಿಯಾಳ ಸಕ್ಕರೆ ಕಾಯಿಲೆಗಾಗಿ. ‘ವೇಷ ಕಟ್ಟಿ ಹೊಟ್ಟೆ ಹೊರೆಯುವ ನನ್ನ ತಂಗಿಯ ಮಗ ಅಸೋಮುವಾನ ಕಾಲು ಎಡವದ ಹಾಗೆ.’ ಆಮೇಲೆ ಚರ್ಚಿನ ಸೋರುವ ಮಾಡಿಗಾಗಿ. ಅವನ ಹೆಸರು ಹೊಸದಾಗಿ ಸೇರಿದ್ದಲ್ಲ. ದಿನಾ ಆ ಜಾಗದಲ್ಲಿ, ಆ ಎರಡು ಬೇಡಿಕೆಗಳ ನಡುವೆ ಬರುತ್ತಿದ್ದದ್ದೇ ಇರಬೇಕು, ಸವೆದ ಮೆಟ್ಟಿಲ ಹಾಗಿತ್ತು ಆ ಸಾಲು. ಅವನ ಬಲಭುಜ ಅದುರಿತು. ಒಂದೇ ಸಲ. ಎಣಿಸಿದೆನೇ? ಎಣಿಸಿದ ನೆನಪಿಲ್ಲ. ಎಣಿಸದೆಯೂ ಮೈ ಎಣಿಸಿಕೊಂಡಿರಬಹುದು. ತನ್ನ ಭುಜವನ್ನು ತಾನೇ ಅಪರಿಚಿತನೊಬ್ಬನನ್ನು ನೋಡುವ ಹಾಗೆ ನೋಡುತ್ತಾ ಅವನು ತಣ್ಣಗಾದ.

ಊರುಗೋಲು ಮೆಟ್ಟಿಲಿಳಿಯಿತು. ಹತ್ತಿರ ಬಂದು ನಿಂತಿತು.

“ಕಲ್ಲು ತಂದ್ಯಾ?” ಎಂದ ಮಾವ. “ಸೌದೆ? ತಪ್ಪು ಮಾಡಿದೋನು ಬರುವಾಗ ತನ್ನನ್ನ ಸುಡೋಕೆ ಒಲೆ ಕಲ್ಲು, ಸೌದೆ ತಾನೇ ಹೊತ್ಕೊಂಡು ಬರಬೇಕು. ನಿನ್ನ ನಾಟಕದಲ್ಲಿ ಅದು ಇಲ್ವೋ?”

ಅವನು ತಲೆಯನ್ನು ಇನ್ನಷ್ಟು ಬಗ್ಗಿಸಿದ.

“ಮಾತಾಡಬಾರದು ಅಂತ ಗೊತ್ತು, ಅಷ್ಟಾದ್ರೂ ಕಲ್ತಿದೀಯ. ಆದ್ರೆ ಲೋ, ಇದಕ್ಕೆ ಸೂರ್ಯ ಹುಟ್ಟೋ ಮುಂಚೆ ಬರ್ತಾರೆ ಕಣೋ. ಸಂಜೆ ಯಾವನು ಬರ್ತಾನೆ?”

“ರಿಹರ್ಸಲ್ ಇತ್ತು ಮಾವ.” ಬಾಯಿಂದ ಬಂದುಬಿಟ್ಟಿತು.

ಬಾಗಿಲಲ್ಲಿ ತೆಲೇಸಿಯಾ ನಕ್ಕುಬಿಟ್ಟಳು, ಆಮೇಲೆ ನಗು ನುಂಗಿದಳು. ಮಾವ ಉಸ್ಸೆಂದು ಮೆಟ್ಟಿಲ ಮೇಲೆ ಕೂತದ್ದು ಕೇಳಿಸಿತು. ಬಸ್ಸೊಂದು ಹೋಯಿತು.

“ಈಗ ಹೇಳು. ನನಗೇನು ಮಾಡಿದೀಯ ನೀನು?”

“ಐದನೇ ಮನೆ ಹೆಸರು...”

“ಬಿಟ್ಟೆ. ಬಿಟ್ಟಿದ್ದು ಐದನೇ ಮನೆಯೋರಿಗೆ. ನಾನು ಆ ಮನೆಯವನಾ? ನಾನು ನಿನ್ನ ಮನೆಯವನು. ನಾನು ಕೂತಿದ್ದು ನೀನೀಗ ಕೂತಿದೀಯಲ್ಲ, ಆ ಕಡೆ. ಎತ್ತೋ ಕಡೆ ಅಲ್ಲ. ಇದನ್ನ ನಾನು ಹೆಂಗೋ ಎತ್ತಲಿ?”

“ಹಂಗಾದ್ರೆ ಊರಿಗೇ ಹೋಗ್ತೀನಿ. ಅವರ ಮುಂದೆ ಕೂರ್ತೀನಿ.”

“ಬೇಡ!” ಕೋಲು ಕಾಂಕ್ರೀಟಿಗೆ ಬಡಿಯಿತು. “ಅವರು ಅವತ್ತೇ ಎತ್ತಾಯ್ತು. ಎತ್ತಿದ ಮೇಲೆ ಆ ಮಾತು ಮತ್ತೆ ಆಡೋಹಂಗಿಲ್ಲ. ನೀನು ಹೋಗಿ ಕೂತ್ರೆ ಅವರು ಕೊಟ್ಟಿದ್ದು ಸಾಲಲಿಲ್ಲ ಅಂದಂಗೆ. ಅದು ಇನ್ನೊಂದು ಅವಮಾನ. ಮುಗೀತು ಅಸೋ. ನೀನಿಲ್ಲದೇನೇ ಮುಗೀತು.”

ನೀನಿಲ್ಲದೇನೇ. ಅದು ಬೈಗುಳವಾಗಿರಲಿಲ್ಲ, ಬೈಗುಳವಾಗಿದ್ದರೆ ಹಿಡಿದುಕೊಳ್ಳಲು ಒಂದು ಅಂಚಾದರೂ ಸಿಗುತ್ತಿತ್ತು. ಅವನ ತಪ್ಪಿಗೆ ಕ್ಷಮೆಯಾಗಿಹೋಗಿತ್ತು, ಇನ್ನೊಬ್ಬನ ಬೆನ್ನ ಮೇಲಿಂದ ಚಾಪೆ ಎತ್ತಿ. ಒಂಬತ್ತು ವರ್ಷ ಅವನು ಯಾವ ಬಾಗಿಲಿನ ಮುಂದೆ ಅಳುಕುತ್ತಾ ನಿಂತಿದ್ದನೋ ಆ ಬಾಗಿಲಿನ ಹಿಂದೆ ಮನೆಯೇ ಇರಲಿಲ್ಲ.

“ಅಲ್ಲಿ... ಹೆಂಗಿತ್ತು ಮಾವ?” ಎಂದು ಕೇಳಿದ.

ಮಾವನ ಕೋಲಿನ ತುದಿ ಮೆಟ್ಟಿಲನ್ನು ಕೆರೆಯಿತು. “ನಾಟಕಕ್ಕೆ ಕೇಳ್ತಿದೀಯಾ?”

ನಾಟಕಕ್ಕೋ, ತನಗೋ? ಅವನಿಗೇ ಗೊತ್ತಿರಲಿಲ್ಲ.

“ಉಚ್ಚೆ ಬರ್ತಿತ್ತು,” ಎಂದ ಸೌಲೋಮಾವ. “ಮಧ್ಯಾಹ್ನದ ತನಕ ಅದೊಂದೇ ಯೋಚನೆ. ಇರುವೆ ಕಚ್ಚೋದು. ನೀನೂ ನೆನಪಾಗಲಿಲ್ಲ, ದೇವರೂ ನೆನಪಾಗಲಿಲ್ಲ. ಅವರು ಬಾಗಿಲು ಹಾಕ್ಕೊಂಡು ಒಳಗೆ ಊಟ ಮಾಡ್ತಿದ್ರು, ಯಾರೂ ನೋಡ್ತಾನೂ ಇರಲಿಲ್ಲ.” ಕೋಲೂರಿ ಎದ್ದು, “ತೆಗಿ. ಯಾರೂ ತೆಗೆಯಲ್ಲ. ನೀನೇ ತೆಗಿ.”

ಚಾಪೆಯನ್ನು ತನ್ನ ಕೈಯಿಂದಲೇ ತೆಗೆಯುವುದು ಯಾವ ತಾಲೀಮಿನಲ್ಲೂ ಇರಲಿಲ್ಲ. ಮೊದಲು ತಪ್ಪು ಅಂಚನ್ನು ಎಳೆದ, ಅದು ಕಿವಿಗೆ ಸಿಕ್ಕಿಕೊಂಡಿತು. ಹೊರಗೆ ಕತ್ತಲಾಗುತ್ತಿತ್ತು, ಎದುರುಮನೆಯ ಕಿಟಕಿಯಲ್ಲಿ ಪರದೆ ಅಲುಗಿತು. ಕಾಲು ಜೋಮು ಹಿಡಿದು ಎರಡು ಸಲ ಏಳಲು ಹೋಗಿ ಕೂತ. ಮಾವ ಅವನ ಮುಖ ನೋಡಲಿಲ್ಲ. ಚಾಪೆಯ ಅಂಚನ್ನು ಬೆರಳಲ್ಲಿ ಉಜ್ಜಿ, “ನಿಮ್ಮಮ್ಮ ನೇಯ್ದಿದ್ದು,” ಎಂದ. “ಹುಲ್ಲಿನ ಮೇಲೆ ಹಾಕಿದೀಯಲ್ಲೋ, ಒದ್ದೆ. ಒಬ್ಬನೇ ಮಡಚಬೇಡ, ಮುರಿಯುತ್ತೆ. ಆ ಕಡೆ ಹಿಡಿ.”

ಮಾವ ಕೋಲನ್ನು ಅಂಚೆ ಡಬ್ಬಿಗೆ ಒರಗಿಸಿ ಈ ಎರಡು ಮೂಲೆ ಹಿಡಿದ. ಅವನು ಆ ಎರಡು ಮೂಲೆ ಹಿಡಿದ. ಗಾಳಿಗೆ ಚಾಪೆ ಇಬ್ಬರ ನಡುವೆ ಹೊಟ್ಟೆ ಉಬ್ಬಿಸಿತು. ಕೋಲಿಲ್ಲದ ಮುದುಕ ಒಂದೊಂದೇ ಹೆಜ್ಜೆ ಮುಂದೆ ಬಂದ, ಅವನೂ ಬಂದ; ಅಂಚಿಗೆ ಅಂಚು ಕೂಡಿತು, ಮತ್ತೆ ಹಿಂದೆ ಸರಿದರು, ಮತ್ತೆ ಬಂದರು. ಮೂರನೆಯ ಮಡಿಕೆಗೆ ಇಬ್ಬರೂ ಎಷ್ಟು ಹತ್ತಿರ ಬಂದರೆಂದರೆ ಮಾವನ ಉಸಿರಿನ ಕೋಕೋ ವಾಸನೆ ಅವನಿಗೆ ತಾಗಿತು. ಈಗ ಏನಾದರೂ ಹೇಳುತ್ತಾನೆ ಎಂದು ಅವನು ಕಾದ. ಮಾವ ತನ್ನ ಮೂಲೆಗಳನ್ನು ಅವನ ಬೆರಳುಗಳ ನಡುವೆ ಸಿಕ್ಕಿಸಿ, ಸರಿಯಾಗಿ ಸಿಕ್ಕಿದೆಯೇ ಎಂದು ಒಮ್ಮೆ ಒತ್ತಿ ನೋಡಿ, ಬಿಟ್ಟ. ಕೋಲು ತೆಗೆದುಕೊಂಡು ಮೆಟ್ಟಿಲು ಹತ್ತಿ, ಬಾಗಿಲು ಹಾಕದೆ ಒಳಗೆ ಹೋದ.

ಅಸೋಮುವಾ ಮಡಚಿದ ಚಾಪೆಯನ್ನು ಎದೆಗೆ ಒತ್ತಿಕೊಂಡು ಹುಲ್ಲಿನ ಮೇಲೆ ನಿಂತಿದ್ದ. ಒಳಗೆ ತೆಲೇಸಿಯಾ ತಟ್ಟೆಗಳನ್ನು ಹಾಕುತ್ತಿದ್ದಳು. ಎಷ್ಟು ತಟ್ಟೆ ಎಂದು ಅವನು ಕಿವಿಗೊಟ್ಟು ಕೇಳುತ್ತಿದ್ದ.